ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟರೂ ಫೈಲ್ ಯಾಕೆ ತೆರೆಯುವುದಿಲ್ಲ?

ಶೇರ್ ಮಾಡಿದ ಫೋಲ್ಡರಿನ ಬಗ್ಗೆ ಕಾಸರಗೋಡಿನ ಮೂಲೆಮೂಲೆಯಿಂದ ಪ್ರಶ್ನೆ ಬರುತ್ತದೆ, ಹೆಚ್ಚಿನವು ಒಂದೇ ಪ್ರಶ್ನೆ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ. ಫೋಲ್ಡರ್ ಶೇರ್ ಮಾಡುವುದು ಹೇಗೆ ಎಂಬಲ್ಲಿಂದ ಶುರು ಮಾಡುವುದಿಲ್ಲ.

ನಮ್ಮದು ಅಡಿಕೆ ಅಂಗಡಿ. ಒಂದು ವಿಂಡೋಸ್ ಸರ್ವರ್, ನಾಲ್ಕು ಕಂಪ್ಯೂಟರ್. ಹೊಸದಾಗಿ ಸೇರಿದ ಹುಡುಗಿಗೆ ಬಿಲ್ಲಿನ ಫೋಲ್ಡರ್ ತೆರೆಯುತ್ತದೆ, ಆದರೆ ಕೆಲವು ಎಕ್ಸೆಲ್ ಫೈಲುಗಳಿಗೆ ಮಾತ್ರ 'ಆಕ್ಸೆಸ್ ಡಿನೈಡ್' ಅಂತ ಬರುತ್ತದೆ. ರಿಪೇರಿಯವರು ಶೇರಿಂಗ್‌ನಲ್ಲಿ ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟರೂ ಸರಿಯಾಗಲಿಲ್ಲ. ಈಗ ಸರ್ವರ್ ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಾರೆ. (ಬದಿಯಡ್ಕ)

ಫಾರ್ಮ್ಯಾಟ್ ಮಾಡಿಸಬೇಡಿ ಮಾರಾಯ್ರೇ! ಪರ್ಮಿಷನ್ ನೋಡಲು ಬಾರದವರು ಹೇಳುವ ಮಾತು ಅದು. ಬ್ಯಾಕಪ್ ಇಲ್ಲದಿದ್ದರೆ ನಿಮ್ಮ ಲೆಕ್ಕವೆಲ್ಲ ಹೋಗುತ್ತದೆ.

ನೆಟ್‌ವರ್ಕ್ ಮೂಲಕ ಬರುವವರಿಗೆ ಎರಡು ಕಡೆ ತಪಾಸಣೆ ಇದೆ, ಗೇಟು ದಾಟಿದರೂ ಮನೆಬಾಗಿಲು ತೆರೆಯಬೇಕಲ್ವಾ, ಹಾಗೆ. ಒಂದು ಶೇರ್ ಪರ್ಮಿಷನ್, ಅಂದರೆ ಶೇರಿಂಗ್‌ನಲ್ಲಿ ಕೊಟ್ಟ ಅನುಮತಿ. ಇನ್ನೊಂದು ಡ್ರೈವಿನಲ್ಲೇ ಫೈಲು ಫೋಲ್ಡರಿನ ಜೊತೆ ಇರುವ, ಪ್ರಾಪರ್ಟೀಸ್‌ನ ಸೆಕ್ಯುರಿಟಿ ಟ್ಯಾಬಿನಲ್ಲಿ ಕಾಣುವ ಎನ್‌ಟಿಎಫ್‌ಎಸ್ ಪರ್ಮಿಷನ್. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ನಿಮ್ಮವರು ಸಡಿಲ ಮಾಡಿದ್ದು ಮೊದಲನೆಯದನ್ನು ಮಾತ್ರ.

ಪರೀಕ್ಷೆ ಸುಲಭ. ಆ ಹುಡುಗಿಯ ಹೆಸರಲ್ಲೇ ಸರ್ವರಿನಲ್ಲಿ ಲಾಗಿನ್ ಆಗಿ ಅದೇ ಫೈಲನ್ನು ನೇರವಾಗಿ ಡ್ರೈವ್‌ನಿಂದ ತೆರೆಯಿರಿ. ಅಲ್ಲಿ ಶೇರ್ ಪರ್ಮಿಷನ್ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲೂ ತೆರೆಯದಿದ್ದರೆ ತಪ್ಪು ಎನ್‌ಟಿಎಫ್‌ಎಸ್‌ನದ್ದು.

ಇನ್ನು ಕೆಲವೇ ಫೈಲುಗಳು ಯಾಕೆ? ನನ್ನ ಅಂದಾಜು, ಯಜಮಾನರು ಅವನ್ನು ತಮ್ಮ ಖಾಸಗಿ ಫೋಲ್ಡರಿನಿಂದ ಕಟ್ ಮಾಡಿ ಇಲ್ಲಿ ಪೇಸ್ಟ್ ಮಾಡಿದ್ದಾರೆ. ಕಾಪಿ ಮಾಡಿದ ಫೈಲ್ ಹೊಸ ಫೋಲ್ಡರಿನ ಪರ್ಮಿಷನ್ ಪಡೆಯುತ್ತದೆ, ಆದರೆ ಒಂದೇ ಡ್ರೈವಿನ ಒಳಗೆ ಕಟ್ ಮಾಡಿ ತಂದದ್ದು ಹಳೆಯ ಪರ್ಮಿಷನನ್ನು ಜೊತೆಗೇ ತರುತ್ತದೆ, ಯಜಮಾನರಿಗೆ ಮಾತ್ರ ಇದ್ದದ್ದು ಅವರಿಗೆ ಮಾತ್ರವೇ ಉಳಿಯುತ್ತದೆ. ತೆರೆಯದ ಒಂದು ಫೈಲಿನ ಸೆಕ್ಯುರಿಟಿ ಟ್ಯಾಬನ್ನೂ ತೆರೆಯುವ ಒಂದರದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ, ಹೆಸರುಗಳ ಪಟ್ಟಿಯಲ್ಲೇ ವ್ಯತ್ಯಾಸ ಕಾಣುತ್ತದೆ.

ಸರಿಪಡಿಸಲು ಬಿಲ್ಲಿನವರಿಗೆ ಒಂದು ಗ್ರೂಪ್ ಮಾಡಿ, ಹುಡುಗಿಯನ್ನು ಅದಕ್ಕೆ ಸೇರಿಸಿ, ಫೋಲ್ಡರಿನ ಸೆಕ್ಯುರಿಟಿಯಲ್ಲಿ ಆ ಗ್ರೂಪಿಗೆ 'ಮಾಡಿಫೈ' (ಓದುವ, ಬರೆಯುವ, ಅಳಿಸುವ ಹಕ್ಕು) ಕೊಡಿ. ಅಡ್ವಾನ್ಸ್ಡ್ ಒಳಗೆ 'ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್' ಎಂದು ಶುರುವಾಗುವ ಟಿಕ್ ಹಾಕಿದರೆ ಒಳಗಿನ ಎಲ್ಲದಕ್ಕೂ ಅದೇ ಇಳಿಯುತ್ತದೆ. ಹುಷಾರು, ಆ ಫೋಲ್ಡರಿನೊಳಗೆ ಸಂಬಳದ ಪಟ್ಟಿಯಂಥದ್ದು ಬೀಗ ಹಾಕಿ ಇಟ್ಟಿದ್ದರೆ ಅದೂ ತೆರೆದುಕೊಳ್ಳುತ್ತದೆ. ಮೊದಲು ಅದನ್ನು ಬೇರೆ ಕಡೆ ಇಡಿ. ಸಿ ಡ್ರೈವಿನ ಮೇಲಂತೂ ಈ ಟಿಕ್ ಬೇಡವೇ ಬೇಡ. ಗ್ರೂಪಿಗೆ ಸೇರಿಸಿದ ಮೇಲೆ ಹುಡುಗಿ ಲಾಗಾಫ್ ಆಗಿ ಮತ್ತೆ ಲಾಗಿನ್ ಆಗಲೇಬೇಕು. ಸುಮ್ನೆ ಸ್ಕ್ರೀನ್ ಲಾಕ್ ಮಾಡಿ ತೆಗೆದರೆ ಸಾಲದು.

'ರೈಟ್' ಮಾತ್ರ ಕೊಟ್ಟರೆ ಸಾಕಲ್ವಾ ಎಂದು ಕೇಳುವವರಿದ್ದಾರೆ. ಸಾಲದು. ಎಕ್ಸೆಲ್ ಸೇವ್ ಮಾಡುವಾಗ ಮೊದಲು ತಾತ್ಕಾಲಿಕ ಫೈಲೊಂದನ್ನು ಬರೆದು, ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯ ಹೆಸರು ಇಡುತ್ತದೆ. ಅಳಿಸುವ ಹಕ್ಕು ಇಲ್ಲದಿದ್ದರೆ ಸೇವ್ ಆಗುವುದಿಲ್ಲ, ಫೋಲ್ಡರಿನಲ್ಲಿ ಎಂಟಕ್ಷರದ ವಿಚಿತ್ರ ಹೆಸರಿನ ಫೈಲುಗಳು ಉಳಿಯುತ್ತವೆ. ಅವು ಕಂಡರೆ ವೈರಸ್ ಎಂದು ಹೆದರುವ ಮೊದಲು ಪರ್ಮಿಷನ್ ನೋಡಿ.

ಸೆಕ್ಯುರಿಟಿಯಲ್ಲೂ ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟರೆ ತೊಂದರೆ ಹೋಗುತ್ತದೆ, ನಿಜ. ಆದರೆ ಒಬ್ಬರ ಕಂಪ್ಯೂಟರಿಗೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಬಂದರೆ ಅವರಿಗೆ ಬರೆಯಲು ಆಗುವ ಎಲ್ಲ ಫೈಲಿಗೂ ಅದು ಬೀಗ ಹಾಕುತ್ತದೆ. ನಾನು ಯಾರಿಗೂ ಹಾಗೆ ಮಾಡಿಕೊಡುವುದಿಲ್ಲ. 'ಡಿನೈ' ಟಿಕ್ ಕೂಡ ಮುಟ್ಟಬೇಡಿ, ಎವ್ರಿವನ್‌ಗೆ ಹಾಕಿದರೆ ನೀವೂ ಹೊರಗೆ.

ಫೈಲಿನ ಹೆಸರು ಕನ್ನಡದಲ್ಲಿ ಇರುವುದರಿಂದ ತೊಂದರೆಯೇ? (ಮಂಜೇಶ್ವರ)

ಅಲ್ಲ. ಕನ್ನಡದಲ್ಲೇ ಇಡಿ.

ಆಂಟಿವೈರಸ್ ತೆಗೆದರೆ ಫೋಲ್ಡರ್ ತೆರೆಯುತ್ತದೆ ಅನ್ನುತ್ತಾರೆ. (ಉಪ್ಪಳ)

ಅಂಥವರನ್ನು ಕಂಪ್ಯೂಟರಿನ ಹತ್ತಿರ ಬಿಡಬೇಡಿ.

ಹೊಸ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಆಫೀಸಿನ ಹಳೆಯ ನ್ಯಾಸ್ (ನೆಟ್‌ವರ್ಕಿಗೆ ಹಾಕುವ ಡಿಸ್ಕ್ ಪೆಟ್ಟಿಗೆ) ತೆರೆಯುವುದಿಲ್ಲ, ಪಾಸ್‌ವರ್ಡ್ ಇಲ್ಲದ ಶೇರ್. ಎಸ್‌ಎಂಬಿ 1 (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಹಳೆಯ ವಿಧಾನ) ಆನ್ ಮಾಡಿ ಎಂದು ವೀಡಿಯೊದಲ್ಲಿ ಹೇಳಿದ್ದಾರೆ. (ಕುಂಬಳೆ)

ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಹರಡಿದ್ದು ಆ ಹಳೆಯ ಎಸ್‌ಎಂಬಿ 1ರ ದೋಷದಿಂದಲೇ. 24ಎಚ್2 ಆವೃತ್ತಿಯಿಂದ ವಿಂಡೋಸ್ 11 ಪ್ರೊ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಸಂಪರ್ಕವನ್ನು ತಾನಾಗಿ ಒಪ್ಪುವುದಿಲ್ಲ, ನಿಮ್ಮ ತೊಂದರೆ ಬಹುಶಃ ಅದೇ. ನ್ಯಾಸ್‌ನಲ್ಲಿ ಒಂದು ಯೂಸರ್, ಒಂದು ಪಾಸ್‌ವರ್ಡ್ ಮಾಡಿ. ಎಸ್‌ಎಂಬಿ 1 ಬಿಟ್ಟು ಬೇರೇನೂ ಬಾರದಷ್ಟು ಹಳೆಯ ಪೆಟ್ಟಿಗೆಯಾದರೆ ಅದನ್ನೇ ಬದಲಿಸಿ.

ಪಾಸ್‌ವರ್ಡ್ ಬದಲಿಸಿದ ಮೇಲೆ ಒಂದು ಕಂಪ್ಯೂಟರ್ ಮಾತ್ರ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. (ಕಾಞಂಗಾಡ್)

ಅದರ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ (ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಜಾಗ) ಹಳೆಯ ಪಾಸ್‌ವರ್ಡ್ ಕುಳಿತಿರುತ್ತದೆ. ಸರ್ವರಿನ ಹೆಸರಿನದ್ದೂ ಐಪಿ ನಂಬರಿನದ್ದೂ ಬೇರೆ ಬೇರೆ ಇರಬಹುದು, ಎರಡನ್ನೂ ಅಳಿಸಿ ರೀಸ್ಟಾರ್ಟ್ ಮಾಡಿ.