ಪುಣೆಯಲ್ಲಿ ಎಪಾಕ್ಸಿ ಫ್ಲೋರಿಂಗ್ (ನೆಲಕ್ಕೆ ರಾಳದ ಲೇಪನ) ಮಾಡುವ ತಮ್ಮನಿಗೆ ಮೊದಲು ಏನೂ ಆಗ್ತಿರಲಿಲ್ಲ, ಈಗ ಹಾರ್ಡನರ್ (ರಾಳವನ್ನು ಗಟ್ಟಿಯಾಗಿಸುವ ದ್ರವ) ಒಂದು ಹನಿ ತಾಗಿದರೂ ಗುಳ್ಳೆ ಏಳುತ್ತದೆ. ಯಾಕೆ?

ಬಹುಶಃ ಅಲರ್ಜಿ ಶುರುವಾಗಿದೆ. ಹಾರ್ಡನರ್‌ನಲ್ಲಿ ಹೆಚ್ಚಾಗಿ ಡೈಎಥಿಲೀನ್‌ಟ್ರೈಅಮೀನ್‌ನಂಥ, ಅಮೀನ್ ಎಂಬ ಗುಂಪಿನ ರಾಸಾಯನಿಕ ಇರುತ್ತದೆ. ಅದು ಬಲವಾದ ಕ್ಷಾರ. ಸಾಬೂನು ಮಾಡುವಾಗ ಕಾಸ್ಟಿಕ್ ಸೋಡಾ ಎಣ್ಣೆಯನ್ನು ಒಡೆಯುವ ಹಾಗೆ ಚರ್ಮದ ಕೊಬ್ಬನ್ನು ಒಡೆದು ಒಳಗಿಳಿಯುತ್ತದೆ. ಹೀಗೆ ಪದೇ ಪದೇ ಒಳಹೊಕ್ಕಾಗ ದೇಹ ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಚೂರು ತಾಗಿದರೂ ಸಾಕು. ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಹಾಗಾಗಿ 'ಅಭ್ಯಾಸ ಆಗುತ್ತೆ ಬಿಡು' ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಚರ್ಮದ ಡಾಕ್ಟರಿಗೆ ಡಬ್ಬಿಯ ಲೇಬಲ್ ಸಮೇತ ತೋರಿಸಿ.

ಆವಿಯಿಂದ ಉಬ್ಬಸವೂ ಬರಬಹುದು. ಮೈಗೆ ತಾಗಿದರೆ ನಿಂಬೆರಸ, ಥಿನ್ನರ್ ಏನೂ ಬೇಡ. ಹರಿಯುವ ನೀರಲ್ಲಿ ಕನಿಷ್ಠ 15 ನಿಮಿಷ ತೊಳೆಯಲಿ. ಕಣ್ಣಿಗೆ ಬಿದ್ದರೂ ಅಷ್ಟೇ, ಆದರೆ ತೊಳೆದ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕು.