ಕನ್ನಡ ಬರೆಯೋಕೆ ಇಂಕ್ ಪೆನ್ನು: ಮೊದಲು ನಿಬ್ಬು ನೋಡಿ

ನಿಮ್ಮ ಪ್ರಶ್ನೆ ಇಷ್ಟು: "ದಾವಣಗೆರೆಯಲ್ಲಿದ್ದೇನೆ. ಇಂಕ್ ಪೆನ್ನಿನ ಹವ್ಯಾಸ ಶುರು ಮಾಡಬೇಕು ಅಂತ ಆಸೆ. ಜಾಸ್ತಿ ಬರೆಯೋದು ಕನ್ನಡವೇ. ಮೊದಲ ಪೆನ್ನು ಯಾವುದು ತಗೊಳ್ಳಲಿ? ಚಿನ್ನದ ನಿಬ್ಬು ಬೇಕೇ ಬೇಕಾ?"

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಬೇಡ. ಚಿನ್ನದ ನಿಬ್ಬಿನಲ್ಲೂ ಕಾಗದಕ್ಕೆ ತಾಗುವ ತುದಿ ಚಿನ್ನದ್ದಲ್ಲ. ಅಲ್ಲಿ ಇರಿಡಿಯಂ ಜಾತಿಯ ಗಟ್ಟಿ ಲೋಹದ ಸಣ್ಣ ಕಾಳು ಇರುತ್ತದೆ. ಒಳ್ಳೆಯ ಸ್ಟೀಲ್ ನಿಬ್ಬಿನ ತುದಿಯಲ್ಲೂ ಅಂಥದ್ದೇ ಇರುತ್ತದೆ. ಹಿಂದಿನ ಇಂಕುಗಳಲ್ಲಿ ಆಮ್ಲ ಇರುತ್ತಿತ್ತು, ಸಾದಾ ಉಕ್ಕು ತುಕ್ಕು ಹಿಡಿಯುತ್ತಿತ್ತು. ಅದಕ್ಕೇ ಚಿನ್ನ ಬಂತು. ಈಗಿನ ಸ್ಟೀಲಿಗೂ ಈಗಿನ ಇಂಕಿಗೂ ಆ ಜಗಳ ಇಲ್ಲ. ಚಿನ್ನ ಸ್ವಲ್ಪ ಬಾಗುತ್ತದೆ, ಬರೆಯುವಾಗ ಮೆತ್ತಗೆ ಅನಿಸಬಹುದು, ಅಷ್ಟೆ. ಮೊದಲ ವರ್ಷ ಆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ನನಗೆ ಈ ಹುಚ್ಚು ಬಂದದ್ದು ಅಪ್ಪನಿಂದ. ಅವರು ಇಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ದಿನಾ ಸಂಜೆ ಕಿರ್ದಿ ಬರೆಯೋದು, ಅದನ್ನು ಖಾತೆಗೆ ಏರಿಸೋದು. ಕೆಂಪು ಬಟ್ಟೆಯ ಉದ್ದನೆ ಪುಸ್ತಕ, ಒಂದೇ ಪೆನ್ನು. ಆ ಪೆನ್ನನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿರಲಿಲ್ಲ. "ಕೈ ಬದಲಾದರೆ ನಿಬ್ಬು ಕೆಡುತ್ತೆ" ಅನ್ನುತ್ತಿದ್ದರು. ಸುಮ್ನೆ ಹೆದರಿಸುತ್ತಾರೆ ಅಂದುಕೊಂಡಿದ್ದೆ. ಅರ್ಧ ನಿಜ ಅಂತ ಈಗ ಗೊತ್ತಾಗಿದೆ. ತುದಿಯ ಲೋಹ ನಮ್ಮ ಕೈಗೆ ತಕ್ಕ ಹಾಗೆ ಸವೆಯೋಕೆ ವರ್ಷಗಟ್ಟಲೆ ಬೇಕು. ಆದರೆ ಬಾಲ್ ಪೆನ್ನಿಗೆ ಒಗ್ಗಿದ ಕೈ ಒಮ್ಮೆ ಜೋರಾಗಿ ಒತ್ತಿದರೆ ಸಾಕು, ನಿಬ್ಬಿನ ಎರಡು ಹಲ್ಲು ಅಗಲವಾಗಿ ಕೂತುಬಿಡುತ್ತವೆ. ನೀವೂ ಮೊದಲ ವಾರ ಒತ್ತುತ್ತೀರಿ. ಪೆನ್ನಿನ ಭಾರವೇ ಸಾಕು, ಕೈ ಬರೀ ದಾರಿ ತೋರಿಸಬೇಕು.

ಈಗ ಮುಖ್ಯ ವಿಷಯ. ಕನ್ನಡಕ್ಕೆ ಪೆನ್ನು ಆರಿಸೋದು ಇಂಗ್ಲಿಷಿಗೆ ಆರಿಸಿದ ಹಾಗಲ್ಲ. ನೀವು ನೋಡುವ ವಿಡಿಯೋಗಳಲ್ಲೆಲ್ಲ ಇಂಗ್ಲಿಷಿನಲ್ಲೇ ಬರೆದು ತೋರಿಸುತ್ತಾರೆ. ಅಲ್ಲಿ ಅಕ್ಷರಕ್ಕೆ ಅಕ್ಷರ ಸೇರಿಸುತ್ತಾ ಒಂದೇ ಓಟಕ್ಕೆ ಪದ ಮುಗಿಯುತ್ತದೆ. ನಮಗೆ ತಲೆಕಟ್ಟು ಹಾಕಬೇಕು, ಕೆಳಗೆ ಒತ್ತು ಕೊಡಬೇಕು, ಪಕ್ಕಕ್ಕೆ ದೀರ್ಘ ಎಳೆಯಬೇಕು. 'ರಾಷ್ಟ್ರೀಯ' ಅಂತ ಬರೆದು ಪೆನ್ನು ಎಷ್ಟು ಸಲ ಎತ್ತಿಟ್ಟಿರಿ ಎಣಿಸಿ ನೋಡಿ.

ಎತ್ತಿಟ್ಟಾಗಲೆಲ್ಲ ಇಂಕು ತಕ್ಷಣ ಇಳಿಯಬೇಕು. ಕೆಲವು ನಿಬ್ಬುಗಳು ಇಟ್ಟ ಕೂಡಲೇ ಬರೆಯುವುದಿಲ್ಲ, ಒಂದೆರಡು ಮಿಲಿಮೀಟರ್ ಒಣ ಗೆರೆ ಎಳೆದು ಆಮೇಲೆ ಎಚ್ಚರಗೊಳ್ಳುತ್ತವೆ. ನುಣುಪಾಗಲಿ ಅಂತ ತುದಿಯನ್ನು ಅತಿಯಾಗಿ ಉಜ್ಜಿದರೆ ಎರಡು ಹಲ್ಲುಗಳ ನಡುವಿನ ಸೀಳಿನ ಅಂಚುಗಳು ಒಳಮುಖವಾಗಿ ಗುಂಡಗಾಗುತ್ತವೆ, ಇಂಕು ಕಾಗದ ಮುಟ್ಟದೆ ಒಳಗೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಪದಕ್ಕೊಮ್ಮೆ ಕಾಡುವ ಈ ಕಾಯಿಲೆ ಕನ್ನಡದಲ್ಲಿ ಅಕ್ಷರಕ್ಕೆ ಎರಡು ಸಲ ಕಾಡುತ್ತದೆ. ಪುಟದ ತುಂಬ ತಲೆಕಟ್ಟಿಲ್ಲದ ಬೋಳು ಅಕ್ಷರಗಳು! ನನಗೆ ಇದು ಗೊತ್ತಾದದ್ದು ಆನ್‌ಲೈನಿನಲ್ಲಿ ಕೈ ಸುಟ್ಟುಕೊಂಡ ಮೇಲೆ. ತಿಂಗಳ ದಿನಸಿಯಷ್ಟು ಬೆಲೆಯ ಪೆನ್ನು, ನೋಡೋಕೆ ಮದುವಣಗಿತ್ತಿ. ಬರೆದರೆ ಈ ಗೋಳು. ಅಂಗಡಿಯವರು ಇಂಕು ತುಂಬಿದ ಪೆನ್ನು ವಾಪಸ್ ತಗೊಳ್ಳುವುದಿಲ್ಲ ಅಂದರು. ಆ ಪೆನ್ನು ಈಗಲೂ ಡ್ರಾಯರಿನಲ್ಲಿ ಮಲಗಿದೆ.

ಎರಡನೆಯದು ಗೆರೆಯ ದಪ್ಪ. ಮೀಡಿಯಂ ನಿಬ್ಬು ಸಹಿಗೆ ಚೆನ್ನ, ಸಣ್ಣ ಕನ್ನಡಕ್ಕೆ ಅಲ್ಲ. 'ಧ'ದ ಕೆಳಗಿನ ಸೀಳು ಇಂಕು ತುಂಬಿ ಮುಚ್ಚಿಹೋಗುತ್ತದೆ. 'ಠ'ದ ಚುಕ್ಕಿ ಹೊಟ್ಟೆಯೊಳಗೇ ಕರಗುತ್ತದೆ. ನಾನು ಬರೆದ 'ಧನಸಹಾಯ' ಓದಿ ಸ್ನೇಹಿತನೊಬ್ಬ "ಯಾವ ದನಕ್ಕೆ ಸಹಾಯ?" ಅಂತ ಕೇಳಿದ್ದ. ಹಾಗಾಗಿ ಫೈನ್, ಅಂದರೆ ಸಣ್ಣ ಗೆರೆಯ ನಿಬ್ಬು ತಗೊಳ್ಳಿ, ಅದರಲ್ಲೂ ಜಪಾನಿನ ಫೈನ್. ಅವರ ಅಕ್ಷರಗಳಲ್ಲೂ ಸಣ್ಣ ಚೌಕದೊಳಗೆ ಹತ್ತಾರು ಗೆರೆ ಕೂರಬೇಕು, ಅದಕ್ಕೆ ಅವರ ನಿಬ್ಬು ಯೂರೋಪಿನದಕ್ಕಿಂತ ಒಂದು ಸುತ್ತು ಸಣ್ಣ. ಜರ್ಮನಿಯ ಫೈನ್ ಅಂದರೆ ಹೆಚ್ಚುಕಡಿಮೆ ಜಪಾನಿನ ಮೀಡಿಯಂ.

ಹೆಸರು ಬೇಕು ಅಂದರೆ, ಜಪಾನಿನ ಪ್ಲಾಟಿನಂ ಕಂಪನಿಯ ಪ್ರೆಪ್ಪಿ 03 (ಅಂದರೆ ಫೈನ್) ತಗೊಳ್ಳಿ. ಪ್ಲಾಸ್ಟಿಕ್ ಮೈ, ಕೆಲವು ನೂರು ರೂಪಾಯಿಯ ಮಾತು. ಮುಚ್ಚಳದೊಳಗೆ ಸ್ಪ್ರಿಂಗ್ ಇರುವ ಇನ್ನೊಂದು ಪುಟ್ಟ ಮುಚ್ಚಳ ಇದೆ, ವಾರಗಟ್ಟಲೆ ಬಿಟ್ಟರೂ ಇಂಕು ಒಣಗುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಇದು ದೊಡ್ಡ ಗುಣ. ಸ್ವಲ್ಪ ಜಾಸ್ತಿ ಹಾಕಬಹುದಾದರೆ ಪೈಲಟ್ ಮೆಟ್ರೋಪಾಲಿಟನ್ ಫೈನ್. ಎಲ್ಲರೂ ಹೊಗಳುವ ಲಾಮಿ ಸಫಾರಿ 1980ರಲ್ಲಿ ಶಾಲೆ ಮಕ್ಕಳಿಗೆ ಅಂತ ಬಂದ ಪೆನ್ನು. ಬೆರಳಿಡುವ ಜಾಗ ತ್ರಿಕೋನ, ಇಲ್ಲೇ ಹಿಡಿ ಅಂತ ಹೇಳುತ್ತದೆ. ನನ್ನ ಕೈ ಕೇಳಲಿಲ್ಲ. ನಿಮ್ಮದು ಕೇಳಬಹುದು, ತಗೊಳ್ಳುವ ಮುಂಚೆ ಒಮ್ಮೆ ಹಿಡಿದು ನೋಡಿ.

ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಸಹಿ ಹಾಕಬೇಡಿ. ಸಹಿ ಯಾವ ಪೆನ್ನಿನಲ್ಲೂ ಚೆನ್ನಾಗೇ ಬರುತ್ತದೆ. 'ದಾವಣಗೆರೆ', 'ಸಾಮರ್ಥ್ಯ', 'ಕೃಷ್ಣ', 'ಜ್ಞಾನ' ಬರೆಯಿರಿ. ಎಡಕ್ಕೂ ಬಲಕ್ಕೂ ತಿರುಗುವ ಸುತ್ತುಗಳೆಲ್ಲ ಅವುಗಳಲ್ಲಿ ಬರುತ್ತವೆ. ಒಂದೇ ದಿಕ್ಕಿನಲ್ಲಿ ಕೆರೆದರೆ ಹಲ್ಲುಗಳು ಮೇಲೆ ಕೆಳಗೆ ಆಗಿವೆ ಅಂತ ಅರ್ಥ.

ಸಾಲು ಬಿಟ್ಟು ಒಂದು ಮಾತು. ಮಂಡಿಪೇಟೆ ಕಡೆಯ ಹಳೆ ಸ್ಟೇಷನರಿ ಅಂಗಡಿಗಳಲ್ಲಿ ಒಮ್ಮೆ ಕೇಳಿ ನೋಡಿ. ನಾನು ಕೇಳಿದಾಗ ಯಜಮಾನರು ನಕ್ಕರು. "ಇಂಕ್ ಪೆನ್ನಾ? ಯಾರ್ ಕೇಳ್ತಾರ್ರೀ ಈಗ! ತಡೀರಿ, ಮೇಲೆ ಅಟ್ಟದಾಗ ಒಂದ್ ಡಬ್ಬಿ ಐತಿ" ಅಂದರು. ಧೂಳಿನ ಡಬ್ಬಿಯೊಳಗೆ ಬಂಗಾರದ ಬಣ್ಣದ ಮುಚ್ಚಳದ ಆರು ಹೀರೋ ಪೆನ್ನು, ಯಾರೂ ಬಳಸದವು. ಶಾಂಘೈಯ ಈ ಪೆನ್ನಿನ ನಿಬ್ಬು ತುದಿ ಮಾತ್ರ ಕಾಣುವ ಹಾಗೆ ಒಳಗೆ ಅಡಗಿರುತ್ತದೆ. 1941ರಲ್ಲಿ ಬಂದ ಪಾರ್ಕರ್ 51ರ ನಕಲು ಅದು, ಆದರೆ ಮರ್ಯಾದಸ್ಥ ನಕಲು. ನಿಬ್ಬು ಮುಚ್ಚಿರುವುದರಿಂದ ಬೇಗ ಒಣಗುವುದಿಲ್ಲ, ಗೆರೆಯೂ ಸಣ್ಣ. ಮೂರು ತಂದೆ. ಒಂದರ ಒಳಗಿನ ಟ್ಯೂಬು ಬಿರುಕು ಬಿಟ್ಟಿತ್ತು, ಉಳಿದೆರಡು ಇವತ್ತಿಗೂ ಬರೆಯುತ್ತಿವೆ. ಹೀರೋಗೇ ಈಗ ನಕಲಿ ಜಾಸ್ತಿ, ಆನ್‌ಲೈನಿನಲ್ಲಿ ಹುಷಾರು.

ನಮ್ಮ ದೇಶದ ಎಬೊನೈಟ್ ಪೆನ್ನುಗಳು ಎರಡನೇ ಹೆಜ್ಜೆಗೆ ಇರಲಿ. ರಾಜಮಂಡ್ರಿಯ ರತ್ನಂ ಪೆನ್ನಿನ ಹೆಸರು ಕೇಳಿರುತ್ತೀರಿ. 1930ರ ದಶಕದಲ್ಲಿ ಗಾಂಧೀಜಿಗೆ ಸ್ವದೇಶಿ ಪೆನ್ನು ಮಾಡಿ ಕೊಟ್ಟವರು. ತಮಿಳುನಾಡಿನ ತಿರುವಳ್ಳೂರಿನ ರಂಗಾ ಇನ್ನೊಂದು. ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ಬೇಯಿಸಿದರೆ ಕಲ್ಲಿನಂಥ ಎಬೊನೈಟ್ ಆಗುತ್ತದೆ. ಅದನ್ನು ಲೇತಿನಲ್ಲಿ ಕಡೆದು ಪೆನ್ನು ಮಾಡುತ್ತಾರೆ. ಹೊಸದರಲ್ಲಿ ಸ್ವಲ್ಪ ವಾಸನೆ ಬರುತ್ತದೆ, ಕೈಗೆ ಮಾತ್ರ ಪ್ಲಾಸ್ಟಿಕ್ಕಿಗಿಂತ ಹಿತ.

ಇವುಗಳಲ್ಲಿ ಬಹಳಷ್ಟಕ್ಕೆ ಇಂಕನ್ನು ಫಿಲ್ಲರಿನಿಂದ ನೇರ ಮೈಯೊಳಗೇ ಹಾಕಬೇಕು. ಹಾಗೆ ಹಾಕಿದ ಪೆನ್ನನ್ನು ಕಾಲು ಭಾಗ ಇಂಕು ಉಳಿದಿದ್ದಾಗ ಜೇಬಿಗಿಟ್ಟುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದ್ದೆ. ಮೇ ತಿಂಗಳು. ಇಳಿಯುವ ಹೊತ್ತಿಗೆ ಬಿಳಿ ಅಂಗಿಯ ಜೇಬಿನ ಮೇಲೆ ಅಂಗೈಯಷ್ಟು ನೀಲಿ. ಹೋಗುತ್ತಿದ್ದದ್ದು ಹೆಣ್ಣು ನೋಡುವ ಶಾಸ್ತ್ರಕ್ಕೆ (ನನಗಲ್ಲ, ತಮ್ಮನಿಗೆ). ತಪ್ಪು ಪೆನ್ನಿನದಲ್ಲ, ನನ್ನದೇ. ಖಾಲಿ ಜಾಗದ ಗಾಳಿ ಮೈ ಬಿಸಿಗೆ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಅರ್ಧಕ್ಕಿಂತ ಕೆಳಗಿಳಿಯುವ ಮುಂಚೆ ತುಂಬಿಸಿ, ಪ್ರಯಾಣದಲ್ಲಿ ನಿಬ್ಬು ಮೇಲಿರಲಿ. ಜೇಬಿಗೆ ಕನ್ವರ್ಟರ್ (ಇಂಕು ಹೀರಿಕೊಳ್ಳುವ ಪುಟ್ಟ ಕೊಳವೆ) ಇರುವ ಪೆನ್ನು ವಾಸಿ, ಅದರಲ್ಲಿ ಗಾಳಿಯ ಜಾಗ ಕಡಿಮೆ.

ಇಂಕಿನ ವಿಷಯ. ಕ್ಯಾಮೆಲ್ ರಾಯಲ್ ಬ್ಲೂ ಸಾಕು, ಅಗ್ಗ, ಪೆನ್ನಿಗೂ ಸೌಮ್ಯ. ಆದರೆ ಚೆಕ್ಕಿಗೆ ಬೇಡ, ನೀರು ಬಿದ್ದರೆ ಹೋಗುತ್ತದೆ. ಬಿಸಿಲಿಗೂ ಮಾಸುತ್ತದೆ. ಡ್ರಾಯಿಂಗ್ ಅಂಗಡಿಯ ಇಂಡಿಯನ್ ಇಂಕನ್ನು ಮಾತ್ರ ಎಂದೂ ಹಾಕಬೇಡಿ. ಅದರಲ್ಲಿ ಅರಗು ಇರುತ್ತದೆ. ನಿಬ್ಬಿನ ಕೆಳಗೆ ಇಂಕು ಇಳಿಸುವ ಕಡ್ಡಿಯಲ್ಲಿ ಕೂದಲೆಳೆಯಂಥ ಕಾಲುವೆಗಳಿವೆ, ಅಲ್ಲಿ ಒಣಗಿ ಕೂತರೆ ಪೆನ್ನಿನ ಕಥೆ ಮುಗಿಯಿತು.

ನನಗೆ ಪ್ರೀತಿಯ ಇಂಕು ಹಳೆ ಕಾಲದ ಐರನ್ ಗಾಲ್. ಕೂಸಿಗೆ ಬಜೆ ಜೊತೆ ತೇದು ನೆಕ್ಕಿಸುವ ಮಾಚಿಕಾಯಿ ಗೊತ್ತಲ್ವಾ, ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ, ಅದರ ಒಗರೇ ಈ ಇಂಕಿನ ಜೀವ. ಆ ಒಗರಿಗೆ ಕಬ್ಬಿಣದ ಲವಣ ಸೇರಿಸುತ್ತಾರೆ. ಬರೆದಾಗ ತಿಳಿ ಬಣ್ಣ, ಗಾಳಿ ತಾಗುತ್ತಾ ಕಪ್ಪಗಾಗುತ್ತದೆ. ನೀರಿಗೆ ಜಗ್ಗುವುದಿಲ್ಲ. ಮನೆಯಲ್ಲಿ ಕುದಿಸಿ ಪೆನ್ನಿಗೆ ಹಾಕುವ ಸಾಹಸ ಬೇಡ, ಪೆನ್ನಿಗೆಂದೇ ಮಾಡಿದ್ದು ಸಿಗುತ್ತದೆ. ಅದನ್ನೂ ತಿಂಗಳುಗಟ್ಟಲೆ ಪೆನ್ನಿನಲ್ಲೇ ಬಿಡಬೇಡಿ.

ತೊಳೆಯೋಕೆ ಬೋರ್‌ವೆಲ್ ನೀರು ಬೇಡ. ಗಡಸು ನೀರು, ಬಕೆಟ್ಟಿನ ಅಂಚಿಗೆ ಹಿಡಿಯುವ ಬಿಳಿ ಪದರವೇ ಪೆನ್ನಿನೊಳಗೂ ಹಿಡಿಯುತ್ತದೆ. ಫಿಲ್ಟರ್ ನೀರು, ತಣ್ಣಗಿನದು. ಬಿಸಿ ನೀರು, ಸ್ಪಿರಿಟ್ ಎರಡೂ ಕೂಡದು.

ಈಗ ಎಷ್ಟು ಪೆನ್ನು ಅನ್ನುವುದು. ನನ್ನ ಹತ್ತಿರ 23 ಇವೆ, ಇಂಕು ತುಂಬಿರೋದು ಮೂರರಲ್ಲಿ. ಉಳಿದವು ಸುಮ್ನೆ ಕೂತಿವೆ. ಅದರಲ್ಲಿ ಹತ್ತನ್ನು ಆಫರ್ ಇತ್ತು ಅಂತ ತಗೊಂಡೆ, ಬೇಕು ಅಂತ ಅಲ್ಲ. ಈಗ ಒಂದು ಬಾಟಲಿ ಇಂಕು ಖಾಲಿಯಾದ ಮೇಲೆಯೇ ಹೊಸ ಪೆನ್ನು ಅಂತ ಮಾಡಿಕೊಂಡಿದ್ದೇನೆ. ಹಾಗಾಗಿ ವರ್ಷಕ್ಕೆ ಒಂದು ಬಂದರೆ ಹೆಚ್ಚು.

ಬಾಟಲಿ ಖಾಲಿ ಮಾಡೋಕೆ ಏನು ಬರೆಯಲಿ ಅಂತ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ನಾನು ಮನೆ ಖರ್ಚನ್ನು ಅಪ್ಪನ ಕಿರ್ದಿ ಮಾದರಿಯಲ್ಲೇ ಬರೆಯುತ್ತೇನೆ, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಬರೆಯುವ ಹುಚ್ಚು ಇವತ್ತಿನದಲ್ಲ. ಮೊಳಕಾಲ್ಮೂರು ಕಡೆ ಹೋದರೆ ಬ್ರಹ್ಮಗಿರಿಯ ಅಶೋಕನ ಶಾಸನ ನೋಡಿ ಬನ್ನಿ. ರಾಜನ ಮಾತೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಗೆ ಬರೆದವನು 'ಚಪಡ' ಅಂತ ತನ್ನ ಹೆಸರು ಹಾಕಿ, 'ಲಿಪಿಕಾರ' ಅನ್ನುವ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ, ದೂರದ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಲಿಪಿಯೂ ನನಗೆ ಬರುತ್ತೆ ಅಂತ ತೋರಿಸಿಕೊಳ್ಳುವ ಆಸೆ ಅಲ್ವಾ! ನನಗೆ ಆ ಮನುಷ್ಯ ತುಂಬ ಹತ್ತಿರದವನು ಅನಿಸುತ್ತಾನೆ.

ಕಾಗದದ ಬಗ್ಗೆ ಒಂದೇ ಮಾತು. ಅಂಗಡಿಯಲ್ಲಿ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಒಂದು ಚುಕ್ಕಿ ಇಟ್ಟು ಹತ್ತು ಎಣಿಸಿ, ಅಂಚಿಗೆ ಬೇರು ಬಿಟ್ಟರೆ ಬೇಡ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು, ಹಾಗಾಗಿ ಅಗಲ ಸಾಲಿನದು ತಗೊಳ್ಳಿ. ಮತ್ತೆ, ಬೆಣ್ಣೆ ದೋಸೆ ತಿಂದು ಬಂದ ಕೈಯಲ್ಲಿ ಪುಟ ಮುಟ್ಟಬೇಡಿ. ಎಷ್ಟು ತೊಳೆದರೂ ಜಿಡ್ಡು ಇರುತ್ತದೆ, ಅದು ತಾಗಿದ ಕಡೆ ಯಾವ ಪೆನ್ನಿನ ಇಂಕೂ ಹಿಡಿಯುವುದಿಲ್ಲ. ನಾನು ಎಷ್ಟೋ ಭಾನುವಾರ ನಿಬ್ಬನ್ನು ಬೈದಿದ್ದೇನೆ.