ಪಾಪ್-ಅಪ್ ಪುಸ್ತಕ ಮತ್ತು ಪ್ರಾಣಿಗಳ ಹೆಸರು
20 ತಿಂಗಳ ಮಗಳು ಪಾಪ್-ಅಪ್ ಪುಸ್ತಕ (ಪುಟ ತೆರೆದಾಗ ಚಿತ್ರ ಎದ್ದು ನಿಲ್ಲುವ ಪುಸ್ತಕ) ಬಿಟ್ಟು ಏಳುವುದಿಲ್ಲ, ಆದರೆ ಪ್ರಾಣಿಗಳ ಹೆಸರು ಮಾತ್ರ ಕಲಿಯುತ್ತಿಲ್ಲ ಎಂದು ಬರೆದಿದ್ದೀರಿ. ಗಾಬರಿ ಬೇಡ ಮೇಡಂ, ಇದು ಮಗುವಿನ ಕೊರತೆಯಲ್ಲ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲೂ ಈ ವಯಸ್ಸಿನ ಮಕ್ಕಳು ನೈಜ ಚಿತ್ರಗಳಿದ್ದ ಸಾದಾ ಪುಸ್ತಕದಿಂದಲೇ ಪ್ರಾಣಿಗಳ ಹೆಸರನ್ನು ಹೆಚ್ಚು ಚೆನ್ನಾಗಿ ಕಲಿತಿದ್ದರು. ಪಾಪ್-ಅಪ್ ಪುಟದ ಕಾಗದದ ಪಟ್ಟಿ ಎಳೆಯುವುದರಲ್ಲೇ ಗಮನವೆಲ್ಲ ಹೋದರೆ ಹೆಸರು ತಲೆಗೆ ಹೋಗುವುದಾದರೂ ಹೇಗೆ?

ಹಾಗೆಂದು ಆ ಪುಸ್ತಕವನ್ನು ದಯವಿಟ್ಟು ಎತ್ತಿಡಬೇಡಿ. ಪುಟವನ್ನು ಅರ್ಧ ತೆರೆದು ನಿಲ್ಲಿಸಿ, "ಈಗ ಯಾರು ಬರುತ್ತಾರೆ?" ಎಂದು ಕೇಳಿ. ಆನೆಯ ಸೊಂಡಿಲು ಮಡಿಕೆಯಿಂದ ಮೇಲೇಳುವುದನ್ನೂ ಮುಚ್ಚಿದಾಗ ಮತ್ತೆ ಒಳಸೇರುವುದನ್ನೂ ನಿಧಾನವಾಗಿ ತೋರಿಸಿ. ಊಹಿಸುವುದಕ್ಕೆ, ಏನು ಮಾಡಿದರೆ ಏನಾಗುತ್ತದೆ ಎಂದು ತಿಳಿಯುವುದಕ್ಕೆ ಅದು ಬಹಳ ಒಳ್ಳೆಯದು. ಹೆಸರು ಕಲಿಸಲು ಮಾತ್ರ ಸಾದಾ ಚಿತ್ರಪುಸ್ತಕ ಹಿಡಿಯಿರಿ. ಹರಿದರೆ ಬೈಯದೆ, ಅವಳೆದುರೇ ಕುಳಿತು ಅಂಟಿಸಿ.